ನೆಗ್ಗಿದ ಲ್ಯಾಪ್‌ಟಾಪ್: ತಟ್ಟುವ ಮುನ್ನ

ಕೈಜಾರಿ ಬಿದ್ದು ನೆಗ್ಗಿದ ತಾಮ್ರದ ಕೊಡವನ್ನು ಕಂಚುಗಾರನು ಒಳಗಿನಿಂದ ತಟ್ಟಿ ಮೊದಲಿನಂತೆ ಮಾಡಿಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಮೇಜಿನಿಂದ ಬಿದ್ದು ಮೂಲೆ ನೆಗ್ಗಿದ ಲ್ಯಾಪ್‌ಟಾಪನ್ನೂ ಹಾಗೆಯೇ ಸರಿಪಡಿಸಬಹುದೆಂದು ಮನೆಮಂದಿ ಭಾವಿಸುವುದು ಸಹಜ. ಆದರೆ ಕೊಡದ ಒಡಲು ಬರಿದು; ಇದರ ಒಡಲಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯಿದೆ.

ಆ ಬ್ಯಾಟರಿಯ ಧನ ಮತ್ತು ಋಣ ಪದರಗಳನ್ನು ಬೇರ್ಪಡಿಸಿರುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಪೆಟ್ಟಿನಿಂದ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದ ಯಂತ್ರ ಬಿದ್ದೊಡನೆ ಅದನ್ನು ಆರಿಸಿ, ಚಾರ್ಜರನ್ನು ಕೀಳಬೇಕು. ಅಡಿಭಾಗ ಉಬ್ಬಿದ್ದರೆ, ತಾನೇ ಬಿಸಿಯೇರುತ್ತಿದ್ದರೆ, ಇಲ್ಲವೆ ವಿಚಿತ್ರ ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡದೆ ನುರಿತ ದುರಸ್ತಿಗಾರರಿಗೆ ಒಪ್ಪಿಸುವುದೇ ಕ್ಷೇಮ. ಈ ಲಕ್ಷಣಗಳಿಲ್ಲದಿದ್ದರೆ ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿಡಿರಿ.

ಅಲ್ಯೂಮಿನಿಯಂ ಕವಚವನ್ನು ತಟ್ಟುವುದಾದರೆ ಒಳಭಾಗಗಳನ್ನೆಲ್ಲ ಬಿಚ್ಚಿದ ಮೇಲೆ, ಮರದ ತುಂಡನ್ನು ಆನಿಸಿ, ಮೆಲ್ಲಗೆ ತಟ್ಟಬೇಕು. ಹಿಂದುಮುಂದಾಗಿ ಮತ್ತೆಮತ್ತೆ ಬಗ್ಗಿಸಿದ ಲೋಹವು ಗಡುಸಾಗಿ ಬಿರಿಯುತ್ತದೆ. ಬಿರಿದ ಪ್ಲಾಸ್ಟಿಕ್ ಕವಚವನ್ನಾದರೆ ಎಪಾಕ್ಸಿ ಅಂಟಿನಿಂದ ಕೂಡಿಸಬಹುದು. ಮುಚ್ಚಳವು ಸರಿಯಾಗಿ ಕೂಡುತ್ತಿದ್ದು, ಒಳಗೆ ಯಾವುದನ್ನೂ ಒತ್ತದಿರುವ ನೆಗ್ಗನ್ನು ಹಾಗೆಯೇ ಬಿಡುವುದು ಲೇಸು.

ಇನ್ನೊಂದು ಮಾತು. ಬೀಳಿಸಿದ ಮಗುವನ್ನು ಗದರಿಸಬೇಡಿರಿ. ಬೈಗುಳಕ್ಕೆ ಅಂಜಿದ ಮಗು ಮುಂದಿನ ಸಲ ಬಿದ್ದ ಸಂಗತಿಯನ್ನೇ ಮುಚ್ಚಿಡುತ್ತದೆ. ಪೆಟ್ಟುತಿಂದ ಬ್ಯಾಟರಿ ಯಾರಿಗೂ ಅರಿಯದಂತೆ ರಾತ್ರಿಯೆಲ್ಲ ಚಾರ್ಜ್ ಆಗುತ್ತಿರುತ್ತದೆ. ಕವಚದ ನೆಗ್ಗಿಗಿಂತ ಆ ಮೌನವೇ ಮನೆಗೆ ಹೆಚ್ಚು ಅಪಾಯಕಾರಿ.