ಆಯಿಲ್ ಸೀಲ್ ಮತ್ತೆ ಮತ್ತೆ ಸೋರುವುದೇಕೆ?



ಕೊಯ್ಲಿನ ಕಾಲದಲ್ಲಿ ಸಂಘದ ಕಛೇರಿಗೆ ಬರುವ ಬೆಳೆಗಾರರು ಗೊಬ್ಬರ ಮತ್ತು ಧಾರಣೆಯ ಮಾತು ಮುಗಿದೊಡನೆ ಜೀಪಿನ ಮಾತು ತೆಗೆಯುತ್ತಾರೆ. “ಇಂಜಿನಿಗೆ ಹೊಸ ಆಯಿಲ್ ಸೀಲ್ ಹಾಕಿಸಿ ಮೂರು ತಿಂಗಳಾಗಿಲ್ಲ, ಆಗಲೇ ಸೋರುತ್ತಿದೆ” ಎಂಬ ದೂರು ಹಲವರದು. ಈ ಪಾಡನ್ನು ನಾವೂ ಪಟ್ಟವರಾದುದರಿಂದ, ಕಲಿತ ನಾಲ್ಕು ವಿಷಯಗಳನ್ನು ಇಲ್ಲಿ ತಿಳಿಸುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಹಳೆಯ ಡೀಸೆಲ್ ಜೀಪಿಗೆ ಒಂದೇ ವರ್ಷದಲ್ಲಿ ಮೂರು ಬಾರಿ ಹಿಂಬದಿಯ ಸೀಲ್ ಬದಲಾಯಿಸಿದೆವು. ಪ್ರತಿ ಸಲವೂ ಗೇರ್ ಬಾಕ್ಸ್ ಇಳಿಸಬೇಕು. ಸೀಲಿನ ಬೆಲೆಗಿಂತ ಕೂಲಿಯೇ ಹೆಚ್ಚು. ಮೂರನೆಯದೂ ಸೋರಿ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿತು. ಹಣ್ಣಿನ ಚೀಲಗಳನ್ನೂ ಆಳುಗಳನ್ನೂ ಹೇರಿಕೊಂಡು ಕಣದ ಏರು ಹತ್ತುವಾಗ ಇಂಜಿನ್ ಕೂಗುತ್ತಿದ್ದರೂ ಜೀಪು ಹಿಂದಕ್ಕೆ ಜಾರಿತು. ಬ್ರೇಕು ಹಿಡಿದುದರಿಂದ ಅನಾಹುತ ತಪ್ಪಿತು. ಕೊನೆಗೆ ಕಾರಣ ಸಿಕ್ಕಿದ್ದು ಸೀಲಿನಲ್ಲಲ್ಲ, ಇಂಜಿನಿನ ಬ್ರೀದರ್ ಕೊಳವೆಯಲ್ಲಿ. ಮಳೆಗಾಲದಲ್ಲಿ ಜೀಪು ಶೆಡ್ಡಿನಲ್ಲಿ ನಿಂತಿದ್ದಾಗ ಕಡಜವೊಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿತ್ತು. ಅದಕ್ಕೆ ಎಣ್ಣೆಯ ಜಿಡ್ಡು ಮೆತ್ತಿಕೊಂಡು ಕೊಳವೆ ಬಹುಪಾಲು ಮುಚ್ಚಿಹೋಗಿತ್ತು.

ಇದರ ಮರ್ಮ ತಿಳಿಯಲು ಸೀಲಿನ ಕೆಲಸವೇನೆಂದು ಅರಿಯಬೇಕು. ಆಯಿಲ್ ಸೀಲ್ ಎಂದರೆ ರಬ್ಬರಿನ ತುಟಿಯುಳ್ಳ ಒಂದು ಬಳೆ. ತುಟಿಯ ಹಿಂದಿನ ಸಣ್ಣ ಸ್ಪ್ರಿಂಗು ಅದನ್ನು ತಿರುಗುವ ಶಾಫ್ಟಿಗೆ ಹಗುರವಾಗಿ ಒತ್ತಿ ಹಿಡಿಯುತ್ತದೆ. ಇಂಜಿನಿನೊಳಗೆ ಸಿಡಿಯುವ ಎಣ್ಣೆ ಹೊರಬರದಂತೆ ತಡೆಯಲು ಇಷ್ಟು ಸಾಕು. ಒತ್ತಡವನ್ನು ತಡೆಯುವ ಶಕ್ತಿ ಇದಕ್ಕೆ ಹೆಚ್ಚಾಗಿ ಇಲ್ಲ. ಎಷ್ಟೇ ಒಳ್ಳೆಯ ಇಂಜಿನಾದರೂ ಉರಿದ ಅನಿಲ ಸ್ವಲ್ಪಮಟ್ಟಿಗೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಅದು ಹೊರಹೋಗುವ ದಾರಿಯೇ ಬ್ರೀದರ್. ಆ ದಾರಿ ಕಟ್ಟಿದರೆ ಒಳಗೆ ಒತ್ತಡವೇರಿ, ಎಣ್ಣೆ ಸೀಲಿನ ತುಟಿಯನ್ನು ಎತ್ತಿಕೊಂಡು ಹೊರಬರುತ್ತದೆ. ಆಗ ಎಷ್ಟು ಹೊಸ ಸೀಲ್ ಹಾಕಿದರೂ ಅದೇ ಕಥೆ.

ಆದುದರಿಂದ ಗೇರ್ ಬಾಕ್ಸ್ ಇಳಿಸುವ ಮೊದಲು ಈ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು.

1. ಸೋರುವ ಎಣ್ಣೆ ಯಾವುದು? ಡೀಸೆಲ್ ಇಂಜಿನಿನ ಎಣ್ಣೆ ಸಾಮಾನ್ಯವಾಗಿ ಕಪ್ಪಾಗಿರುತ್ತದೆ. ಗೇರ್ ಎಣ್ಣೆ ಮಂದವಾಗಿದ್ದು ಗಂಧಕದಂಥ ಕಟುವಾಸನೆ ಹೊಂದಿರುತ್ತದೆ. ರಾತ್ರಿ ಜೀಪಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟರೆ ಬೆಳಿಗ್ಗೆ ತಿಳಿಯುತ್ತದೆ.

2. ಎಲ್ಲಿಂದ ಸೋರುತ್ತಿದೆ? ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ರಾಕರ್ ಕವರಿನ ಗ್ಯಾಸ್ಕೆಟ್ ಸೋರಿದರೂ ಹನಿ ಬೀಳುವುದು ಹಿಂಬದಿಯ ಸೀಲಿನ ಕೆಳಗೇ. ಎಣ್ಣೆ ಫಿಲ್ಟರು ಮತ್ತು ಆಯಿಲ್ ಪ್ರೆಷರ್ ಸ್ವಿಚ್ಚು ಕೂಡ ಹೀಗೆ ಮೋಸ ಮಾಡುವುದುಂಟು. ತಣ್ಣಗಾದ ಇಂಜಿನನ್ನು ತೊಳೆದು ಒಣಗಿಸಿ, ಸಂಶಯವಿದ್ದಲ್ಲಿ ಟಾಲ್ಕಂ ಪೌಡರ್ ಉದುರಿಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನೋಡಿ. ಪೌಡರ್ ಒದ್ದೆಯಾದ ಅತಿ ಮೇಲಿನ ಜಾಗವೇ ಸೋರಿಕೆಯ ಮೂಲ.

3. ಎಣ್ಣೆ ಹೆಚ್ಚಾಗಿದೆಯೇ? ನಮ್ಮ ಮಲೆನಾಡಿನಲ್ಲಿ ಜೀಪು ನಿಲ್ಲುವುದೇ ಇಳಿಜಾರಿನಲ್ಲಿ. ಅಲ್ಲಿ ಕಡ್ಡಿ ಎದ್ದಿ ನೋಡಿದರೆ ಅಳತೆ ತಪ್ಪುತ್ತದೆ. ಕಡಿಮೆಯಿದೆಯೆಂದು ಇನ್ನಷ್ಟು ಸುರಿಯುತ್ತೇವೆ. ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿದ ಹತ್ತು ನಿಮಿಷದ ಮೇಲೆ ಅಳೆಯತಕ್ಕದ್ದು.

4. ಒಳಗೆ ಒತ್ತಡವಿದೆಯೇ? ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆದು, ಬಾಯಿಯ ಮೇಲೆ ಸಡಿಲವಾಗಿ ಮಗುಚಿಡಿ. ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಅದು ಹಾರಿದರೆ ಅಥವಾ ಹೊಗೆ ಭುಸುಗುಟ್ಟಿದರೆ ಇಂಜಿನ್ ಆರಿಸಿ, ಬ್ರೀದರ್ ಕೊಳವೆ ಹಾಗೂ ಜಾಲರಿಯನ್ನು ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆಯಿರಿ. ಈಚಿನ ಗಾಡಿಗಳಲ್ಲಿ ಈ ದಾರಿಯಲ್ಲೊಂದು ವಾಲ್ವ್ ಇರುತ್ತದೆ, ಅದನ್ನೂ ನೋಡಿಸಬೇಕು. ದಾರಿ ಸ್ವಚ್ಛವಾದ ಮೇಲೂ ಹೊಗೆ ನಿಲ್ಲದಿದ್ದರೆ ರಿಂಗು ಸವೆದಿರುವ ಸಂಭವ ಹೆಚ್ಚು. ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಸೀಲಿಗೆ ಹಣ ಹಾಕಬೇಡಿ.

5. ಶಾಫ್ಟ್ ಅಲುಗಾಡುತ್ತಿದೆಯೇ? ಇಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಕ್ಲಚ್ ಒತ್ತುತ್ತಿರಲಿ, ಇನ್ನೊಬ್ಬರು ಮುಂಭಾಗದ ಕ್ರ್ಯಾಂಕ್ ಪುಲ್ಲಿಯನ್ನು ನೋಡಲಿ. ಪುಲ್ಲಿ ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಎದ್ದು ಕಂಡರೆ ಥ್ರಸ್ಟ್ ಬೇರಿಂಗು ಸವೆದಿರುವ ಲಕ್ಷಣ. ತೂಗಾಡುವ ಶಾಫ್ಟನ್ನು ಯಾವ ರಬ್ಬರೂ ಹಿಡಿದಿಡಲಾರದು.

ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಸೀಲಿನ ಸರದಿ. ಹಳೆಯದನ್ನು ತೆಗೆದಾಗ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿ. ತುಟಿ ಉಜ್ಜಿದ ಜಾಗದಲ್ಲಿ ಗೆರೆಯಂಥ ಕಾಲುವೆ ಬಿದ್ದು ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಸೋರುತ್ತದೆ. ಸ್ಥಳವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬಹುದು, ಇಲ್ಲವೇ ಶಾಫ್ಟಿಗೆ ತೆಳುವಾದ ಉಕ್ಕಿನ ತೋಳು ಹಾಕಿಸಬಹುದು. ಸ್ಪ್ರಿಂಗಿರುವ ಬದಿ ಎಣ್ಣೆಯ ಕಡೆಗಿರಬೇಕು. ಓರೆಯಾಗದಂತೆ ಸುತ್ತಲೂ ಸಮನಾಗಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಒಂದೇ ಕಡೆ ಹೊಡೆಯಬಾರದು. ರಬ್ಬರ್ ತುಟಿಗೆ ಮೊದಲೇ ಎಣ್ಣೆ ಸವರಬೇಕು. ಆದರೆ ಹೊಸ ಇಂಜಿನುಗಳ ಟೆಫ್ಲಾನ್ ಸೀಲಿಗೆ ಎಣ್ಣೆ ಸವರದೆ ಒಣಗಿದ್ದಂತೆಯೇ ಕೂರಿಸುವುದು ಪದ್ಧತಿ. ಪೊಟ್ಟಣದ ಮೇಲಿನ ಸೂಚನೆ ಓದದೆ ಕೆಲಸ ಆರಂಭಿಸಬಾರದು.

ನಮ್ಮ ಜೀಪಿನ ವಿಷಯಕ್ಕೆ ಬರುವುದಾದರೆ, ಗೂಡು ಕೆರೆದು ಕೊಳವೆ ತೊಳೆದು ನಾಲ್ಕನೆಯ ಸೀಲನ್ನೂ ಹೊಸ ಕ್ಲಚ್ ಪ್ಲೇಟನ್ನೂ ಹಾಕಿಸಿದ ಮೇಲೆ ಎರಡು ಕೊಯ್ಲು ಕಳೆದಿವೆ. ಕೆಳಗೆ ಹಾಸಿದ ಪತ್ರಿಕೆ ಒಣಗಿಯೇ ಇದೆ. ಮೊದಲ ಸಲವೇ ಕೊಳವೆ ನೋಡಿದ್ದರೆ ಮೂರು ಕೂಲಿ ಉಳಿಯುತ್ತಿತ್ತು, ಆಳುಗಳ ಜೀವಕ್ಕೆ ಕುತ್ತೂ ಬರುತ್ತಿರಲಿಲ್ಲ. ಮೆಕ್ಯಾನಿಕನನ್ನು ದೂರಿ ಫಲವಿಲ್ಲ. ಸೀಲ್ ಹಾಕೆಂದು ಹೇಳಿದವರು ನಾವು, ಅವನು ಹಾಕಿದ.

ಅಡಿಕೆಗೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟಿಗೂ ಬ್ರೀದರ್ ಉಂಟು, ಕಡಜಕ್ಕೆ ಅದೂ ಒಂದೇ ಇದೂ ಒಂದೇ. ಮಳೆ ಬಿಟ್ಟೊಡನೆ, ಕೊಯ್ಲಿಗೆ ಮುಂಚೆ, ಎರಡನ್ನೂ ಒಮ್ಮೆ ನೋಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ