ಶುಚಿಯಾದ ನಗರಗಳ ಗುಟ್ಟು

ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡಿನಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕಿನ ಹೆಬ್ಬಾಗಿಲ ಬಳಿ ಸಂಜೆಯ ಹೊತ್ತು ನಿಂತು ನೋಡಿದರೆ ಒಂದು ವಿಚಿತ್ರ ಕಾಣಸಿಗುತ್ತದೆ. ಒಳಗಿರುವವರೆಗೆ ಚಹದ ಖಾಲಿ ಲೋಟವನ್ನು ಕೈಯಲ್ಲಿ ಹಿಡಿದು ಕಸದ ಬುಟ್ಟಿಯನ್ನು ಹುಡುಕಿಕೊಂಡು ಹೋಗುವ ಗೃಹಸ್ಥನೇ, ಬಾಗಿಲು ದಾಟಿ ಹತ್ತು ಹೆಜ್ಜೆ ಹಾಕುವುದರೊಳಗೆ ಅಂಥದೇ ಲೋಟವನ್ನು ಚರಂಡಿಯ ಕಡೆಗೆ ಎಸೆದುಬಿಡುತ್ತಾನೆ. ಅವನ ವಿದ್ಯೆಯಾಗಲಿ ಸಂಸ್ಕಾರವಾಗಲಿ ಆ ಹತ್ತು ಹೆಜ್ಜೆಗಳಲ್ಲಿ ಬದಲಾಗಲಿಲ್ಲ. ಬದಲಾದುದು ನೆಲ ಮಾತ್ರ. ಒಳಗಿನ ನೆಲಕ್ಕೆ ಒಡೆಯರುಂಟು, ಹೊರಗಿನದು ಯಾರದೂ ಅಲ್ಲ ಎಂಬುದು ಅವನ ಎಣಿಕೆ.

ಕೆಲವು ದೇಶಗಳ ಜನ ಹುಟ್ಟಿನಿಂದಲೇ ಶುಚಿವಂತರು, ನಮ್ಮವರ ಸ್ವಭಾವವೇ ಹೀಗೆ ಎಂದು ನಿಟ್ಟುಸಿರಿಡುವವರಿಗೆ ಆ ಹೆಬ್ಬಾಗಿಲೇ ತಕ್ಕ ಉತ್ತರ. ಸ್ವಭಾವದ ಮಾತು ನಿಜವಾಗಿದ್ದರೆ ಅದು ಬಾಗಿಲಿನ ಎರಡು ಬದಿಗಳಲ್ಲಿ ಎರಡು ಬಗೆಯಾಗಬಾರದಿತ್ತು.

ದಂಡದ ಜೊತೆಗೆ ನಲ್ಲಿ

೧೯೯೮ರಲ್ಲಿ ತೆರೆದ ಈ ಪಾರ್ಕನ್ನು ಟಾಟಾ ಸಂಸ್ಥೆ ಮತ್ತು ಕರ್ನಾಟಕ ಸರ್ಕಾರದೊಡನೆ ಸೇರಿ ಕಟ್ಟಿದವರು ಸಿಂಗಪುರದವರು. ಇಂದು ಸಿಂಗಪುರವೆಂದರೆ ಕನ್ನಡಿಯಂಥ ಊರು ಎಂದು ಎಲ್ಲರೂ ಕೊಂಡಾಡುತ್ತಾರೆ. ಆದರೆ ೧೯೬೦ರ ದಶಕದಲ್ಲಿ ಅಲ್ಲಿನ ಬೀದಿಬದಿಯ ತಿಂಡಿ ಮಾರುವವರು ಎಂಜಲನ್ನೂ ಪಾತ್ರೆ ತೊಳೆದ ನೀರನ್ನೂ ಚರಂಡಿಗೆ ಚೆಲ್ಲುತ್ತಿದ್ದರು. ಚರಂಡಿಯ ನೀರು ನದಿಗೆ ಸೇರಿ, ನದಿ ಕಪ್ಪಾಗಿ ನಾರುತ್ತಿತ್ತು. ೧೯೬೮ರ ಅಕ್ಟೋಬರ್ ೧ರಂದು ಪ್ರಧಾನಿ ಲೀ ಕ್ವಾನ್ ಯೂ ಅವರು ಊರನ್ನು ಶುಚಿಯಾಗಿಡುವ ಚಳವಳಿಯನ್ನು ಆರಂಭಿಸಿದರು. ಕಸ ಎಸೆದವರಿಗೆ ದಂಡ ಬಿತ್ತು.

ಈ ದಂಡದ ಕಥೆಯನ್ನು ಎಲ್ಲರೂ ಬಲ್ಲರು. ಅದರ ಜೊತೆಗೆ ನಡೆದ ಕೆಲಸವನ್ನು ಬಲ್ಲವರು ಕಡಮೆ. ೧೯೭೧ರಿಂದ ೧೯೮೬ರವರೆಗೆ, ಹದಿನೈದು ವರ್ಷಗಳ ಕಾಲ, ಬೀದಿ ವ್ಯಾಪಾರಿಗಳಿಗಾಗಿ ನಲ್ಲಿ, ಒಳಚರಂಡಿಗಳಿರುವ ಮಾರುಕಟ್ಟೆಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸೇರಿಸಲಾಯಿತು. ನದಿಯನ್ನು ತೊಳೆಯುವುದಕ್ಕೇ ೧೯೭೭ರಿಂದ ೧೯೮೭ರವರೆಗೆ ಹತ್ತು ವರ್ಷ ಹಿಡಿಯಿತು. ಕಸ ಹಾಕಬೇಡಿ ಎಂದವರು, ಹಾಕುವುದೆಲ್ಲಿ ಎಂಬುದಕ್ಕೂ ಸ್ಥಳ ತೋರಿಸಿದರು. ಆ ಕಾರಣದಿಂದಲೇ ದಂಡಕ್ಕೆ ಬೆಲೆ ಬಂದಿತು.

ಬೆಂಗಳೂರಿನ ದಕ್ಷಿಣ ತುದಿಯ ಎಲೆಕ್ಟ್ರಾನಿಕ್ ಸಿಟಿಯೂ ಇಂಥದೇ ಪಾಠವನ್ನು ಹೇಳುತ್ತದೆ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಆರಂಭವಾದ ಈ ಬಡಾವಣೆಗೆ ೨೦೧೩ರಲ್ಲಿ ತನ್ನದೇ ಆದ ಕೈಗಾರಿಕಾ ನಗರ ಪ್ರಾಧಿಕಾರ ದೊರೆಯಿತು. ಅಲ್ಲಿನ ರಸ್ತೆಗೆ, ದೀಪಕ್ಕೆ, ಗುಡಿಸುವಿಕೆಗೆ ಹೊಣೆ ಯಾರೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದ ರಸ್ತೆ ಚೊಕ್ಕಟವಾಗಿದೆ. ಆದರೆ ಆ ಹೊಣೆ ಗಡಿಯ ಕಲ್ಲಿನಲ್ಲಿಗೆ ಮುಗಿಯುತ್ತದೆ. ಆ ರಸ್ತೆಗಳನ್ನು ಗುಡಿಸುವ ಎಷ್ಟೋ ಮಂದಿಯ ಬಾಡಿಗೆ ಕೋಣೆಗಳು ಗಡಿಯ ಆಚೆಗಿವೆ.

ಮಂಡೂರಿನ ಬೆಟ್ಟ

ಇಷ್ಟರಿಂದಲೇ ನಗರವೊಂದು ಶುಚಿಯಾಯಿತೆಂದು ಹೇಳಬಹುದೆ? ಗುಡಿಸಿದ ಕಸ ಮಾಯವಾಗುವುದಿಲ್ಲ. ಅದು ಎಲ್ಲಿಗೋ ಹೋಗಬೇಕು. ಬೆಂಗಳೂರಿನ ಕಸ ಬಹುಕಾಲ ಉತ್ತರದ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಗ್ರಾಮಸ್ಥರು ಎದ್ದು ನಿಂತರು. ೨೦೧೨ರ ಜುಲೈ ತಿಂಗಳಲ್ಲಿ ಆ ತಿಪ್ಪೆ ಮುಚ್ಚಿತು. ಕೆಲವೇ ದಿನಗಳಲ್ಲಿ ‘ಉದ್ಯಾನನಗರಿ’ಯ ಬೀದಿಮೂಲೆಗಳಲ್ಲಿ ಕಸದ ರಾಶಿಗಳೆದ್ದವು. ಆಗ ಲಾರಿಗಳು ಮುಖಮಾಡಿದ್ದು ವೈಟ್‌ಫೀಲ್ಡಿಗೆ ದೂರವಲ್ಲದ ಮಂಡೂರಿನ ಕಡೆಗೆ.

ಮಂಡೂರಿನಲ್ಲಿ ಕಸದ ಬೆಟ್ಟವೇ ಬೆಳೆಯಿತು. ಕೊಳೆತ ಕಸದಿಂದ ಕಪ್ಪು ನೀರು ಒಸರಿ ನೆಲಕ್ಕಿಳಿಯಿತು. ಬಾವಿಯ ನೀರು ಕೆಟ್ಟಿತು, ನೊಣ ಮತ್ತು ದುರ್ನಾತಗಳಿಂದ ತುತ್ತು ಎತ್ತುವುದೂ ಕಷ್ಟವಾಯಿತು ಎಂದು ಜನ ಮೊರೆಯಿಟ್ಟರು; ೨೦೧೪ರ ಬೇಸಗೆಯಲ್ಲಿ ರಸ್ತೆಗಿಳಿದರು. ಸರ್ಕಾರ ಗಡುವು ಕೊಟ್ಟಿತು. ಆ ವರ್ಷ ಮುಗಿಯುವುದರೊಳಗೆ ಲಾರಿಗಳು ನಿಂತವು. ನಿಂತ ಲಾರಿಗಳು ಬಳಿಕ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಗಳ ಕಲ್ಲುಗಣಿಗಳ ಹಾದಿ ಹಿಡಿದವು.

ಕಣ್ಣಿಗೆ ಕಾಣದಂತೆ ಮಾಡಿದ ಹೊಲಸು ಹಿಂದಿರುಗದೆ ಇರದು. ನಗರದ ವಾಯವ್ಯದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ, ಲೋಹಕ್ಕೆ ಹೊಳಪಿನ ಲೇಪ ಕೊಡುವ ಕೆಲಸದಲ್ಲಿ ಬಳಸುವ ಕ್ರೋಮಿಯಂ ವಿಷ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅಲ್ಲಿ ಬೀದಿಯನ್ನು ಎಷ್ಟು ಗುಡಿಸಿದರೇನು?

ಕನಸಿನ ದ್ವೀಪದ ನೊಣಗಳು

ಮಂಡೂರಿನ ಕಥೆ ಟೋಕಿಯೋ ನಗರದಲ್ಲಿ ಅರ್ಧ ಶತಮಾನದ ಹಿಂದೆಯೇ ನಡೆದಿತ್ತು. ಅಲ್ಲಿನ ಕಸದ ಬಹುಪಾಲು ಕೋಟೋ ಎಂಬ ಕಡಲಂಚಿನ ವಿಭಾಗಕ್ಕೆ ಬರುತ್ತಿತ್ತು. ಅದನ್ನು ಸುರಿಯುತ್ತಿದ್ದ ಜಾಗದ ಹೆಸರು ಯುಮೆನೋಶಿಮಾ, ಎಂದರೆ ಕನಸಿನ ದ್ವೀಪ! ೧೯೬೫ರ ಬೇಸಗೆಯಲ್ಲಿ ಆ ಕನಸಿನ ದ್ವೀಪದಿಂದೆದ್ದ ನೊಣಗಳ ಹಿಂಡು ಸುತ್ತಣ ಮನೆಗಳನ್ನು ಮುತ್ತಿತು. ೧೯೭೧ರಲ್ಲಿ ರಾಜ್ಯಪಾಲ ಮಿನೋಬೆ ಅವರು ‘ಕಸದ ಯುದ್ಧ’ವನ್ನೇ ಘೋಷಿಸಿದರು.

ಅನುಕೂಲಸ್ಥರ ವಿಭಾಗವಾದ ಸುಗಿನಾಮಿಯವರು ತಮ್ಮಲ್ಲಿ ಕಸ ಸುಡುವ ಕಾರ್ಖಾನೆ ಬೇಡವೆಂದು ಹಟ ಹಿಡಿದರು. ೧೯೭೩ರಲ್ಲಿ ಕೋಟೋ ಜನ ಸುಗಿನಾಮಿಯ ಲಾರಿಗಳನ್ನು ತಡೆದು ನಿಲ್ಲಿಸಿದರು. ‘ಕಾರ್ಖಾನೆಯೂ ಬೇಡ, ಕಸವೂ ಬೇಡ ಎಂದರೆ ಹೇಗೆ?’ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರವಿರಲಿಲ್ಲ. ತಮ್ಮ ತಮ್ಮ ಕಸಕ್ಕೆ ತಾವೇ ಹೊಣೆ ಎಂಬ ನ್ಯಾಯ ಬಲಗೊಂಡಿತು. ೧೯೮೦ರ ದಶಕದ ಆರಂಭದಲ್ಲಿ ಕಾರ್ಖಾನೆ ಸುಗಿನಾಮಿಯ ನಡುವೆಯೇ ನಿಂತಿತು. ಇಂದು ಪ್ರವಾಸಿಗಳು ಬೆರಗಾಗಿ ನೋಡುವ ಟೋಕಿಯೋ ಬೀದಿಗಳ ಹಿಂದೆ ಈ ಜಗಳವುಂಟು.

ಎರಡು ಬುಟ್ಟಿ, ಒಂದು ಚೀಲ

ಸುಗಿನಾಮಿಯ ಜಗಳದ ನೆರಳು ಹೊಸೂರು ರಸ್ತೆಯ ಕೂಡ್ಲಿನಲ್ಲಿಯೂ ಬಿದ್ದಿದೆ. ಅಲ್ಲಿ ೧೯೭೫ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ನಗರದ ಕಸವನ್ನು ಗೊಬ್ಬರವಾಗಿಸುತ್ತ ಬಂದಿತು. ಆಮೇಲೆ ಸುತ್ತಲೂ ಬಡಾವಣೆಗಳು ಬೆಳೆದವು. ವಾಸನೆಯ ದೂರು ಎದ್ದಿತು. ದೂರು ಸುಳ್ಳಲ್ಲ. ಆದರೆ ಬೆಂಗಳೂರಿನ ಮನೆಗಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಡಿಗೆಮನೆಯದು. ಅದು ಬೇರೆಯಾಗಿ ಬಂದರೆ ಗೊಬ್ಬರ. ಪ್ಲಾಸ್ಟಿಕ್ಕು, ಗಾಜು, ಬಟ್ಟೆಗಳೊಡನೆ ಕಲಸಿಕೊಂಡು ಬಂದರೆ ನಾರುವ ಹೊಲಸು. ಎಂದಮೇಲೆ ನಾತದ ಮೂಲ ಮನೆಯೊಳಗೇ ಇದೆ.

ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ಕಟ್ಟಳೆಯನ್ನು ೨೦೧೨ರ ಅಕ್ಟೋಬರ್ ೧ರಿಂದ ತಂದಿತು. ೨೦೧೫ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ‘ಎರಡು ಬುಟ್ಟಿ, ಒಂದು ಚೀಲ’ ಎಂದು ಸ್ಪಷ್ಟಪಡಿಸಿತು: ಹಸಿಗಸಕ್ಕೊಂದು ಬುಟ್ಟಿ, ರೋಗ ಹರಡಬಹುದಾದ ಕಸಕ್ಕೊಂದು, ಒಣಗಸಕ್ಕೊಂದು ಚೀಲ. ವೈಟ್‌ಫೀಲ್ಡಿನ ನಿವಾಸಿಗಳ ಕೂಟಗಳು ಮನೆಮನೆಗೆ ಹೋಗಿ ಇದನ್ನು ಬೋಧಿಸಿದವು. ೨೦೨೫ರ ಅಕ್ಟೋಬರಿನಲ್ಲಿ ಅಧಿಕಾರಿಗಳು ಬೀದಿಗೆ ಕಸ ಎಸೆದವರ ಮನೆಯ ಮುಂದೆಯೇ ಕಸ ಸುರಿದು ದಂಡ ವಸೂಲು ಮಾಡಿದ ಸಂಗತಿ ಊರಿಗೆಲ್ಲ ನಗೆ ತರಿಸಿತು. ಕಸ ಯಾರದೋ ಅವರಲ್ಲಿಗೇ ಹಿಂದಿರುಗಿತು!

ಗುಡಿಸುವ ಕೈಗಳು

ಉಳಿದುದೊಂದು ಮಾತು. ೧೮೯೫ರಲ್ಲಿ ನ್ಯೂಯಾರ್ಕಿನ ಬೀದಿಗಳು ಕುದುರೆಯ ಲದ್ದಿಯಿಂದ ತುಂಬಿದ್ದಾಗ ಕರ್ನಲ್ ಜಾರ್ಜ್ ವೇರಿಂಗ್ ಎಂಬಾತ ನೈರ್ಮಲ್ಯಾಧಿಕಾರಿಯಾಗಿ ಬಂದ. ಬೂದಿ, ಎಂಜಲು, ಒಣಗಸಗಳನ್ನು ಬೇರೆಬೇರೆಯಾಗಿಡುವಂತೆ ವಿಧಿಸಿದ. ಗುಡಿಸುವವರಿಗೆ ಬಿಳಿಯ ಉಡುಪು ತೊಡಿಸಿ, ೧೮೯೬ರಲ್ಲಿ ಸೈನಿಕರಂತೆ ರಾಜಬೀದಿಯಲ್ಲಿ ಮೆರವಣಿಗೆ ಮಾಡಿಸಿದ. ಹೀಯಾಳಿಸಲು ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು. ಗೌರವ ದೊರೆತ ಕೈಗಳು ಊರನ್ನು ಬೆಳಗಿದವು.

ಬೆಂಗಳೂರು ತನ್ನ ಚಿಂದಿ ಆಯುವವರಿಗೆ ೨೦೧೧ರಲ್ಲಿ ಗುರುತಿನ ಚೀಟಿ ಕೊಟ್ಟಿತು. ಅವರಲ್ಲಿ ಹಲವರು ಒಣಗಸ ಸಂಗ್ರಹ ಕೇಂದ್ರಗಳ ಮೇಲ್ವಿಚಾರಕರಾದರು. ಪೌರಕಾರ್ಮಿಕರು ಕೆಲಸ ಕಾಯಂ ಆಗಬೇಕೆಂದು ೨೦೨೨ರ ಜುಲೈಯಲ್ಲಿ ಮುಷ್ಕರ ಹೂಡಬೇಕಾಯಿತು. ೨೦೨೫ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯ ಕೈಗೆ ನೇಮಕದ ಆದೇಶ ಬಂತು. ನಗರದ ನೈರ್ಮಲ್ಯದ ಇತಿಹಾಸದಲ್ಲಿ ಇದು ಯಾವ ಯಂತ್ರಕ್ಕಿಂತಲೂ ಸಣ್ಣ ಸಂಗತಿಯಲ್ಲ.

ಶುಚಿಯಾದ ನಗರಗಳ ಗುಟ್ಟು ಹೀಗೆ ಬಹಳ ಸರಳವಾದುದು. ತನ್ನ ಕಸ ತನ್ನದೇ ಎಂದು ಒಪ್ಪಿಕೊಂಡ ಊರು ಶುಚಿಯಾಗುತ್ತದೆ. ಪಕ್ಕದ ಹಳ್ಳಿಯ ಬಾಗಿಲಿಗೆ ಸುರಿದು ಕೈ ತೊಳೆದುಕೊಂಡ ಊರು ಶುಚಿಯಾದಂತೆ ತೋರುತ್ತದೆ, ಅಷ್ಟೆ. ಬೆಂಗಳೂರಿನ ಬೀದಿ ಎಷ್ಟು ಚೊಕ್ಕಟವಾಗಿದೆ ಎಂಬುದನ್ನು ಬೀದಿಯನ್ನು ನೋಡಿ ತೀರ್ಮಾನಿಸಲಾಗದು. ಅದನ್ನು ಹೇಳಬೇಕಾದವರು ಮಂಡೂರಿನ ಜನ, ಮಿಟ್ಟಗಾನಹಳ್ಳಿಯ ಜನ. ತಮ್ಮ ಬಾವಿಯ ನೀರನ್ನು ಅವರು ನಿಶ್ಚಿಂತೆಯಿಂದ ಬೊಗಸೆಯಲ್ಲಿ ಎತ್ತಿ ಕುಡಿಯುವ ದಿನ ಬಂದಾಗ, ಬೆಂಗಳೂರು ಶುಚಿಯಾಯಿತೆಂದು ಧಾರಾಳವಾಗಿ ಹೇಳಬಹುದು.