ಪಹಣಿಯ ಕಿಟಕಿಯ ಹಿಂದೆ

ಶಕ್ತಿನಗರದಲ್ಲಿ ಮನೆ ಮಾಡಿಕೊಂಡು, ವಿದ್ಯುತ್ ಕೇಂದ್ರದ ಎಂಜಿನಿಯರುಗಳ ನೆರೆಯಲ್ಲೇ ಬಾಳಿದರೂ, ಕನ್ನಡ ಮೇಷ್ಟರಾದ ನನಗೆ ಗಣಕಯಂತ್ರದ ಗೊಡವೆ ಇರಲಿಲ್ಲ. ನನ್ನನ್ನು ಅದರತ್ತ ಎಳೆದದ್ದು ಮಾನ್ವಿ ತಾಲ್ಲೂಕಿನಲ್ಲಿ ಬೇಸಾಯ ಮಾಡುವ ನಮ್ಮಣ್ಣನ ಪಹಣಿ.

ಬೆಳೆಸಾಲಕ್ಕೆಂದು ಅಣ್ಣ ಒಂದು ಕಚೇರಿಗೆ ಹೋಗಿದ್ದ. ಕಿಟಕಿಯ ಹಿಂದೆ ಕುಳಿತಿದ್ದವನು ಹೆಸರು ಒತ್ತಿ ನೋಡಿ, “ಯಜಮಾನ್ರ, ನಿಮ್ಮ ಹೆಸರಿಗೆ ಹೊಲಾನೇ ಇಲ್ಲ” ಎಂದನಂತೆ. ಮೂರು ತಲೆಮಾರು ಉತ್ತ ನೆಲ! ಅಣ್ಣ ಮರುಮಾತಿಲ್ಲದೆ ಬಸ್ಸು ಹತ್ತಿ ನನ್ನಲ್ಲಿಗೆ ಬಂದ. ಪ್ರೋಗ್ರಾಮು ಬರೆಯುವ ವೃತ್ತಿಯ ನೆರೆಮನೆಯ ತರುಣನನ್ನು ಕರೆಸಿದೆ. ಅವನು ಅಂದು ಹೇಳಿದ್ದನ್ನೇ ನನಗೆ ತಿಳಿದ ಮಟ್ಟಿಗೆ ನಿಮ್ಮ ಮುಂದಿಡುತ್ತಿದ್ದೇನೆ.

ಕರ್ನಾಟಕದ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಿಂದ ಗಣಕಕ್ಕೆ ಏರಿದ್ದು ‘ಭೂಮಿ’ ಯೋಜನೆಯಲ್ಲಿ, 2000-01ರ ಸುಮಾರಿಗೆ. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಅಚ್ಚಾದ ಪ್ರತಿ ದೊರೆಯುತ್ತಿತ್ತು. ಕಿಟಕಿಯ ಹಿಂದಿನ ಯಂತ್ರವೇ ಇವೆಲ್ಲವನ್ನೂ ಬಲ್ಲದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಪರದೆಯಲ್ಲಿ ಕಾಣುವ ಪ್ರೋಗ್ರಾಮು ಕೇಳುವವನು ಮಾತ್ರ. ದಾಖಲೆಗಳನ್ನು ಕಾಯುವ ದತ್ತಸಂಚಯ ಬೇರೆ, ಅದೊಬ್ಬ ಉಗ್ರಾಣಿ. ಕೇಳುವವನು ಮೊದಲು ಉಗ್ರಾಣದ ವಿಳಾಸ, ತನ್ನ ಹೆಸರು, ಗುಪ್ತಪದಗಳನ್ನು ಹೇಳಿ ಬಾಗಿಲು ತೆರೆಸಿಕೊಳ್ಳಬೇಕು. ಇಬ್ಬರ ನಡುವೆ ‘ಡ್ರೈವರ್’ ಎಂಬ ದುಭಾಷಿ. ಪ್ರಶ್ನೆ ಹೋಗುತ್ತದೆ, ಉತ್ತರ ಸಾಲುಸಾಲಾಗಿ ಬರುತ್ತದೆ, ಬಾಗಿಲು ಮುಚ್ಚಬೇಕು. ಮುಚ್ಚಲು ಮರೆತ ಪ್ರೋಗ್ರಾಮುಗಳು ಹೆಚ್ಚಿದರೆ ಹೊಸಬರಿಗೆ ಒಳಗೆ ಜಾಗವಿರದು.

ಉಗ್ರಾಣದೊಳಗೆ ಇರುವುದೆಲ್ಲ ಕೋಷ್ಟಕ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ ಬರೆದ ಲೇಖನವೊಂದು ಇದಕ್ಕೆ ಮೂಲ. ದಾಖಲೆ ಎಲ್ಲಿ ಅಡಗಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಕೇಳುವವನು ತಿಳಿಯಬೇಕಾಗಿಲ್ಲ, ಏನು ಬೇಕೆಂದು ಹೇಳಿದರೆ ಸಾಕು ಎಂಬುದು ಅವರ ವಾದ. ಅದರಂತೆ ಹುಟ್ಟಿದ ಪ್ರಶ್ನೆಯ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ‘ಸೆಲೆಕ್ಟ್’ ಎಂದರೆ ಇವನ್ನು ಆರಿಸು, ‘ಫ್ರಂ’ ಎಂದರೆ ಈ ಕೋಷ್ಟಕದಿಂದ, ‘ವೇರ್’ ಎಂದರೆ ಈ ನಿಯಮಕ್ಕೆ ಒಪ್ಪಿದ್ದನ್ನು. ವ್ಯಾಕರಣ ಪಾಠ ಹೇಳಿದವನಿಗೆ ಇಷ್ಟು ಮಿತವಾದ ವಾಕ್ಯರಚನೆ ಕಂಡು ಸಂತೋಷವೇ ಆಯಿತು.

ಹುಡುಗ ನನ್ನ ಪುಸ್ತಕಗಳಿಗೂ ಇಂಥದೊಂದು ಪಟ್ಟಿ ಮಾಡಿಕೊಟ್ಟಿದ್ದ. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸಹೋದಾಗ ಅದು ಕೆಟ್ಟು ನಿಂತಿತು. ಕಾರಣ ‘ನೈಟ್ಸ್’ ಎಂಬಲ್ಲಿನ ಒಂದು ಪುಟ್ಟ ಉದ್ಧರಣ ಚಿಹ್ನೆ. ಪ್ರಶ್ನೆಯ ವಾಕ್ಯದೊಳಕ್ಕೇ ನಾನು ಒತ್ತಿದ ಅಕ್ಷರಗಳನ್ನು ಅವನು ಅಂಟಿಸಿದ್ದ. ಆ ಚಿಹ್ನೆ ಕಂಡೊಡನೆ ಹೆಸರು ಮುಗಿಯಿತೆಂದು ಭಾವಿಸಿದ ಉಗ್ರಾಣಿ ಉಳಿದದ್ದನ್ನು ಅಪ್ಪಣೆಯೆಂದು ಓದಿದ. ನನ್ನದು ಅರಿಯದೆ ಆದದ್ದು. ಕಿಡಿಗೇಡಿಯೊಬ್ಬ ಅರಿತೇ ಆ ಜಾಗದಲ್ಲಿ ‘ಎಲ್ಲ ಅಳಿಸು’ ಎಂಬರ್ಥದ ಮಾತನ್ನು ತುಂಬಬಲ್ಲ. ಆದ್ದರಿಂದ ಪ್ರಶ್ನೆಯಲ್ಲಿ ಹೆಸರಿನ ಸ್ಥಾನಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಇಟ್ಟು, ಹೆಸರನ್ನು ಬೇರೆಯಾಗಿ ಒಪ್ಪಿಸುವುದು ಕ್ರಮ. ಆಗ ಅದರೊಳಗೆ ಏನಿದ್ದರೂ ಅದು ಹೆಸರು ಮಾತ್ರ. “ತಪ್ಪು ನಂದೇ ಸರ್, ಅವಸರ ಮಾಡಿದ್ದೆ” ಎಂದು ಹುಡುಗ ಒಪ್ಪಿಕೊಂಡ.

ಖಾತೆ ಬದಲಿಸುವಾಗ ಇನ್ನೊಂದು ಎಚ್ಚರ ಬೇಕು: ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಸೇರಿಸುವ ಎರಡು ಕೆಲಸಗಳೂ ಕೂಡಿಯೇ ಆಗಬೇಕು, ನಡುವೆ ಕರೆಂಟು ಹೋದರೆ ಎರಡೂ ಆಗಲಿಲ್ಲವೆಂದೇ ಲೆಕ್ಕ.

ಇನ್ನು ಕನ್ನಡದ ತೊಡಕು. ‘ಗೋ’ ಎಂಬ ಅಕ್ಷರದ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಒಂದೇ ರೂಪಕ್ಕೆ ಮೊದಲೇ ತಂದಿರದಿದ್ದರೆ, ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಉಗ್ರಾಣಿಗೆ ಅವೆರಡೂ ಬೇರೆ ಬೇರೆ. ಹೀಗಿರುವಾಗ ನಮ್ಮ ಸೀಮೆಯ ಹೆಸರುಗಳ ಪಾಡೇನು? ಬಸವನಗೌಡ, ಬಸನಗೌಡ, ಬಸಣ್ಣಗೌಡ ಊರವರಿಗೆ ಒಬ್ಬನೇ ಮನುಷ್ಯ. ಗ್ರಂಥಸಂಪಾದನೆಯಲ್ಲಿ ಇದನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಕೊಡುತ್ತೇವೆ. ಉಗ್ರಾಣಿಗೆ ಅಡಿಟಿಪ್ಪಣಿ ಇಲ್ಲ. ‘ಇದಕ್ಕೆ ಸಮ’ ಎಂದು ಕೇಳಿದರೆ ಸಮವಾದದ್ದನ್ನಷ್ಟೇ ಕೊಡುತ್ತಾನೆ, ಇಲ್ಲವಾದರೆ ಸೊನ್ನೆ ಸಾಲು. ಅದು ಅವನ ದೃಷ್ಟಿಯಲ್ಲಿ ದೋಷವೂ ಅಲ್ಲ, ಸರಿಯಾದ ಉತ್ತರವೇ. ಆ ಸೊನ್ನೆಯನ್ನು ‘ಹೊಲಾನೇ ಇಲ್ಲ’ ಎಂದು ಕನ್ನಡಿಸಿದವನು ಕಿಟಕಿಯ ಹಿಂದಿನ ಮನುಷ್ಯ.

ಹುಡುಗ ಹೆಸರಿನ ಗೋಜಿಗೇ ಹೋಗಲಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಅಣ್ಣನ ಬಾಯಿಂದ ಸರ್ವೆ ನಂಬರು ಕೇಳಿ ಒತ್ತಿದ. ಪಹಣಿ ಬಂತು: 4 ಎಕರೆ 12 ಗುಂಟೆ. ಅಣ್ಣ ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿ, ತನ್ನ ಹೆಸರನ್ನು ಬೆರಳಿಟ್ಟು ಓದಿದ. “ನಡುವಿನ ‘ವ’ ಎಲ್ಲಿ ಹೋತೋ ತಮ್ಮಾ?” ಎಂದು ನನ್ನನ್ನು ಕೇಳಿದ. ತಿದ್ದುಪಡಿಯ ಅರ್ಜಿಯನ್ನು ಆ ಸಂಜೆಯೇ ನಾನು ಬರೆದುಕೊಟ್ಟೆ.